ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ: ಎಲ್ಲಿ ನಿಜ, ಎಲ್ಲಿ ಅಲ್ಲ

ಉತ್ತರ ನಾರ್ವೆ, ಫಿನ್‌ಲ್ಯಾಂಡಿನ ಲ್ಯಾಪ್‌ಲ್ಯಾಂಡ್, ಐಸ್‌ಲ್ಯಾಂಡ್ ಕಡೆಗೆ ಪ್ರವಾಸ ಹೊರಡುವವರ ಲೆಕ್ಕಾಚಾರವನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಒಂದು ವಾಕ್ಯ: ‘ಅಲ್ಲಿ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ.’ ಭೂಮಿಯ ಉತ್ತರಾರ್ಧದಲ್ಲಿ ಈ ಮಾತು ಒಪ್ಪುವುದು ಒಂದೇ ಒಂದು ಬಿಂದುವಿಗೆ, ಉತ್ತರ ಧ್ರುವಕ್ಕೆ. ಅಲ್ಲಿ ಊರಿಲ್ಲ, ನೆಲವೂ ಇಲ್ಲ. ಸಮುದ್ರದ ಮೇಲೆ ತೇಲುವ ಮಂಜುಗಡ್ಡೆ ಮಾತ್ರ ಇದೆ. ಪ್ರವಾಸಿಗರು ಹೋಗಿ ತಂಗುವ ಯಾವ ಊರಿಗೂ ಆ ಮಾತು ಸಲ್ಲುವುದಿಲ್ಲ.

ಭಾರತದಲ್ಲಿ ಈ ಕಲ್ಪನೆ ಹಳೆಯದು. ಮೂಲದಲ್ಲಿ ಅದು ತಪ್ಪೂ ಅಲ್ಲ. ಸೂರ್ಯಸಿದ್ಧಾಂತವು ಮೇರುವನ್ನು ಧ್ರುವದಲ್ಲಿಟ್ಟು, ಅಲ್ಲಿನ ದೇವತೆಗಳಿಗೆ ಸೂರ್ಯ ಮೇಷದ ಆರಂಭದಲ್ಲಿ ಉದಯಿಸಿ ಆರು ರಾಶಿ ದಾಟುವವರೆಗೆ ಕಾಣುತ್ತಾನೆ ಎನ್ನುತ್ತದೆ. ಧ್ರುವದ ಮಟ್ಟಿಗೆ ಇದು ಸರಿಯಾದ ಗಣಿತ. ಆದರೆ ಒಂದು ಬಿಂದುವಿನ ಗಣಿತವನ್ನು ಇಡೀ ಉತ್ತರ ಯುರೋಪಿಗೆ ಹಚ್ಚಿದ್ದು ನಂತರದವರ ಅಜಾಗ್ರತೆ. ಧ್ರುವದಲ್ಲೂ ಆರು ತಿಂಗಳ ಕಗ್ಗತ್ತಲೆ ಇಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಸೂರ್ಯ ಮುಳುಗಿದ ಮೇಲೂ ಮುಸ್ಸಂಜೆ ವಾರಗಟ್ಟಲೆ ಉಳಿಯುತ್ತದೆ. ಬೆಳಕಿನ ಸುಳಿವೂ ಇಲ್ಲದ ಕತ್ತಲೆ ನವೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ಮಾತ್ರ.

ಭೂಮಿಯ ಅಕ್ಷ 23.4 ಡಿಗ್ರಿ ವಾಲಿರುವುದರಿಂದ 66.5 ಡಿಗ್ರಿ ಅಕ್ಷಾಂಶದಲ್ಲಿ, ಅಂದರೆ ಆರ್ಕ್ಟಿಕ್ ವೃತ್ತದಲ್ಲಿ, ಲೆಕ್ಕದ ಪ್ರಕಾರ ವರ್ಷಕ್ಕೆ ಒಂದು ದಿನ ಸೂರ್ಯ ಮುಳುಗುವುದಿಲ್ಲ, ಒಂದು ದಿನ ಹುಟ್ಟುವುದಿಲ್ಲ. ವಾತಾವರಣ ಬೆಳಕನ್ನು ಬಾಗಿಸುವುದರಿಂದ ಈ ಲೆಕ್ಕವೂ ಹಗಲಿನ ಪರವಾಗಿ ಸ್ವಲ್ಪ ವಾಲುತ್ತದೆ. ವೃತ್ತದ ಅಂಚಿನಲ್ಲೇ ಇರುವ ಫಿನ್‌ಲ್ಯಾಂಡಿನ ರೊವಾನಿಯೆಮಿಯಲ್ಲಿ ಡಿಸೆಂಬರ್ 21ರಂದೂ ಸೂರ್ಯ ಎರಡು ಗಂಟೆಗಿಂತ ತುಸು ಹೆಚ್ಚು ಹೊತ್ತು ದಿಗಂತದ ಮೇಲಿರುತ್ತಾನೆ. 64 ಡಿಗ್ರಿಯಲ್ಲಿರುವ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಅತಿ ಕಿರಿದಾದ ಹಗಲಿಗೂ ನಾಲ್ಕು ಗಂಟೆ ಮೀರಿದ ಅವಧಿ ಇದೆ. ಅಲ್ಲಿ ನಡುರಾತ್ರಿಯ ಸೂರ್ಯನೂ ಕಾಣುವುದಿಲ್ಲ. ಸುಮಾರು 70 ಡಿಗ್ರಿಯಲ್ಲಿರುವ ನಾರ್ವೆಯ ಟ್ರೊಮ್ಸೊದಲ್ಲಿ ಸೂರ್ಯ ಮೇಲೇಳದ ಅವಧಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ, ಅಂದರೆ ಏಳು ವಾರ. ಮುಳುಗದ ಅವಧಿ ಮೇ 20ರ ಸುಮಾರಿನಿಂದ ಜುಲೈ 22ರ ಸುಮಾರಿನವರೆಗೆ. ಉಳಿದ ಎಂಟು ತಿಂಗಳಲ್ಲಿ ಅಲ್ಲಿಯೂ ಎಲ್ಲೆಡೆಯಂತೆ ದಿನವೂ ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ.

ಸೂರ್ಯ ಹುಟ್ಟದ ದಿನವೆಂದರೆ ಬೆಳಕಿಲ್ಲದ ದಿನ ಎಂಬುದು ಇದೇ ತಪ್ಪಿನ ಮುಂದುವರಿಕೆ. ಡಿಸೆಂಬರ್ 21ರ ನಡುಹಗಲಲ್ಲಿ ಸೂರ್ಯನ ಎತ್ತರ ತಿಳಿಯಬೇಕಾದರೆ 90ರಿಂದ ಊರಿನ ಅಕ್ಷಾಂಶವನ್ನೂ 23.4ನ್ನೂ ಕಳೆದರೆ ಸಾಕು. ಟ್ರೊಮ್ಸೊಗೆ ಬರುವ ಉತ್ತರ ಸೊನ್ನೆಗಿಂತ ಮೂರು ಡಿಗ್ರಿ ಕೆಳಗೆ. ಬೆಂಗಳೂರಿನಲ್ಲಿ ಸೂರ್ಯಾಸ್ತವಾಗಿ ಹತ್ತು ಹದಿನೈದು ನಿಮಿಷಕ್ಕೆ ಎಷ್ಟು ಬೆಳಕಿರುತ್ತದೋ ಅಷ್ಟು ಬೆಳಕು ಅದು. ಸೂರ್ಯ ಅಲ್ಲಿ ದಿಗಂತದ ಅಡಿಯಲ್ಲಿ ಓರೆಯಾಗಿ ಸರಿಯುವುದರಿಂದ ಆ ನೀಲಿ ಬೆಳಕು ಗಂಟೆಗಟ್ಟಲೆ ನಿಲ್ಲುತ್ತದೆ. ಹಿಮ ಅದನ್ನು ಇನ್ನಷ್ಟು ಹರಡುತ್ತದೆ. ಅಂಗಡಿ, ಶಾಲೆ, ಬಸ್ಸು ಎಲ್ಲವೂ ನಡೆಯುತ್ತವೆ. ನಿಜವಾಗಿ ಕತ್ತಲಾದ ಮಧ್ಯಾಹ್ನ ಬೇಕಿದ್ದರೆ 78 ಡಿಗ್ರಿಯಲ್ಲಿರುವ ಸ್ವಾಲ್ಬಾರ್ಡ್‌ಗೆ ಹೋಗಬೇಕು. ಅಲ್ಲಿ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಸೂರ್ಯನಿಲ್ಲ. ಅದೂ ಆರು ತಿಂಗಳಲ್ಲ, ನಾಲ್ಕಕ್ಕಿಂತ ಕಡಿಮೆ.

ಈ ತಪ್ಪಿನಿಂದ ನಷ್ಟವಾಗುವುದು ಹಣ ಮತ್ತು ರಜೆ. ವರ್ಷವನ್ನು ಎರಡೇ ತುಂಡಾಗಿ ಕಂಡವರು ಜೂನ್ ಅಥವಾ ಡಿಸೆಂಬರ್ ಬಿಟ್ಟು ಬೇರೆ ತಿಂಗಳನ್ನು ಎಣಿಸುವುದೇ ಇಲ್ಲ. ಅತ್ಯುತ್ತಮ ಅವಧಿಗಳು ಇವೆರಡರ ನಡುವೆ ಉಳಿದುಹೋಗುತ್ತವೆ. ಸೆಪ್ಟೆಂಬರಿನಲ್ಲಿ ಹಗಲಿರುಳು ಹೆಚ್ಚುಕಡಿಮೆ ಸಮ, ಸರೋವರಗಳು ಇನ್ನೂ ಹೆಪ್ಪುಗಟ್ಟಿರುವುದಿಲ್ಲ. ಲ್ಯಾಪ್‌ಲ್ಯಾಂಡಿನ ಕಾಡು ಆಗ ಹಳದಿ ಕೆಂಪಿಗೆ ತಿರುಗಿರುತ್ತದೆ. ಫಿನ್ನಿಷ್ ಜನ ಅದನ್ನು ‘ರುಸ್ಕಾ’ ಎನ್ನುತ್ತಾರೆ. ಮಾರ್ಚಿನಲ್ಲಿ ಹಿಮ ದಪ್ಪವಾಗಿದ್ದು ಹನ್ನೆರಡು ಗಂಟೆಯ ಹಗಲೂ ಸಿಗುತ್ತದೆ. ಈ ಎರಡೂ ತಿಂಗಳಲ್ಲಿ ರಾತ್ರಿ ಧ್ರುವಪ್ರಭೆ ಕಾಣುವಷ್ಟು ಕತ್ತಲಿರುತ್ತದೆ. ಜೂನ್, ಜುಲೈ ನಡುರಾತ್ರಿಯ ಸೂರ್ಯನ ಕಾಲ, ಲ್ಯಾಪ್‌ಲ್ಯಾಂಡಿನಲ್ಲಿ ಸೊಳ್ಳೆಗಳ ಕಾಲವೂ ಹೌದು. ಆಗ ಧ್ರುವಪ್ರಭೆ ನೋಡುವ ಆಸೆ ಹೊತ್ತು ಹೋದವರಿಗೆ ಆಕಾಶ ಕಪ್ಪಾಗುವುದೇ ಇಲ್ಲ.

ಉಳಿದ ನಂಬಿಕೆಗಳಿಗೆ ಇಷ್ಟು ವಿವರಣೆ ಬೇಕಿಲ್ಲ. ಚಳಿ ಹೆಚ್ಚಾದಷ್ಟೂ ಧ್ರುವಪ್ರಭೆ ಹೆಚ್ಚು ಎಂಬುದು ಸುಳ್ಳು. ಅದು ಸೂರ್ಯನಿಂದ ಹೊರಟ ವಿದ್ಯುದಾವೇಶದ ಕಣಗಳಿಂದ ನೆಲದಿಂದ ನೂರು ಕಿಲೋಮೀಟರ್ ಹಾಗೂ ಅದಕ್ಕೂ ಮೇಲೆ ಹುಟ್ಟುವ ಬೆಳಕು. ಕೆಳಗಿನ ಚಳಿಗೂ ಅದಕ್ಕೂ ಸಂಬಂಧವಿಲ್ಲ. 2024ರ ಮೇ ತಿಂಗಳ ಸೌರ ಬಿರುಗಾಳಿಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ವೀಕ್ಷಣಾಲಯವಿರುವ ಲಡಾಖಿನ ಹಾನ್ಲೆಯಿಂದಲೂ ಕೆಂಪು ಪ್ರಭೆ ಕಂಡಿತು. ಉತ್ತರಕ್ಕೆ ಹೋದಷ್ಟೂ ಚಳಿ ಎಂಬುದೂ ಸರಿಯಲ್ಲ: ಬೆಚ್ಚನೆಯ ಸಾಗರ ಪ್ರವಾಹದಿಂದಾಗಿ ಟ್ರೊಮ್ಸೊದ ಬಂದರು ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ, ಒಳನಾಡಿನ ಕರಾಸ್ಯೋಕ್‌ನಲ್ಲಿ ಮಾತ್ರ ಮೈನಸ್ 51.4 ಡಿಗ್ರಿ ದಾಖಲಾಗಿದೆ. ಆರ್ಕ್ಟಿಕ್‌ನಲ್ಲಿ ಪೆಂಗ್ವಿನ್ ಇಲ್ಲ. ನಾರ್ವೆಯ ಮುಖ್ಯಭೂಮಿಯಲ್ಲಿ ಹಿಮಕರಡಿಯೂ ಇಲ್ಲ.

ಈ ತಪ್ಪುಗಳಲ್ಲಿ ಯಾವುದನ್ನು ತಿದ್ದಿಕೊಳ್ಳಲೂ ದೊಡ್ಡ ವಿದ್ಯೆ ಬೇಡ. ಒಂದು ಗೋಳ, ಒಂದು ದೀಪ ಇದ್ದರೆ ಮೊದಲನೆಯದು ಐದು ನಿಮಿಷದಲ್ಲಿ ಕಣ್ಣಿಗೇ ಕಾಣುತ್ತದೆ. ಹಾಗಿದ್ದೂ ವರ್ಷಕ್ಕೊಮ್ಮೆ ಸಿಗುವ ರಜೆಯನ್ನೂ ಕೂಡಿಟ್ಟ ಹಣವನ್ನೂ ಯಾರೋ ಹೇಳಿದ ಒಂದು ಸಾಲಿನ ಮೇಲೆ ಒಡ್ಡುವುದು ಬೇಸರದ ಸಂಗತಿ. ಟಿಕೆಟ್ ಕಾಯ್ದಿರಿಸುವ ಮೊದಲು ಹೋಗುವ ಊರಿನ ಅಕ್ಷಾಂಶ ಮತ್ತು ಹೋಗುವ ದಿನದ ಸೂರ್ಯೋದಯ, ಸೂರ್ಯಾಸ್ತದ ವೇಳೆ ಇವೆರಡನ್ನು ನೋಡಿಕೊಂಡರೆ ಸಾಕು.