ಬೆಳ್ಳಿ ಬಣ್ಣದ ಬೆಸುಗೆ

ಕಬ್ಬಿನ ಹಂಗಾಮು ಹತ್ತಿರವಾದಂತೆ ಬನಹಟ್ಟಿ, ಜಮಖಂಡಿ ಕಡೆಯ ವೆಲ್ಡಿಂಗ್ ಅಂಗಡಿಗಳ ಮುಂದೆ ಟ್ರ್ಯಾಕ್ಟರ್ ಟ್ರೇಲರ್‌ಗಳು ಬಂದು ನಿಲ್ಲುತ್ತವೆ. ಬಿರುಕು ಬಿಟ್ಟ ಚಾಸಿಗೆ ಬಯಲಲ್ಲೇ ರಾಡ್ ಹಿಡಿದರೆ ಕೆಲಸ ಮುಗಿಯಿತು. ಉಕ್ಕು ಅಷ್ಟು ಸಹನೆಯ ಲೋಹ. ಟೈಟೇನಿಯಂ ಹಾಗಲ್ಲ.

1791ರಲ್ಲೇ ಇಂಗ್ಲೆಂಡಿನಲ್ಲಿ ಪತ್ತೆಯಾದರೂ ಅದು ಬಳಕೆಗೆ ಬರಲು ಒಂದೂವರೆ ಶತಮಾನ ಹಿಡಿಯಿತು. ಅದಿರಿನಿಂದ ಬಿಡಿಸುವ ಹದವಾದ ದಾರಿಯನ್ನು ತೋರಿಸಿದವರು ಲಕ್ಸೆಂಬರ್ಗಿನ ವಿಲಿಯಂ ಕ್ರೋಲ್. ಶೇ 6ರಷ್ಟು ಅಲ್ಯೂಮಿನಿಯಂ, ಶೇ 4ರಷ್ಟು ವನೇಡಿಯಂ ಬೆರೆತ ಮಿಶ್ರಲೋಹ 1950ರ ದಶಕದಲ್ಲಿ ಅಮೆರಿಕದಲ್ಲಿ ಬಂತು. ತೂಕ ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚು, ಬಲ ಒಳ್ಳೆಯ ಉಕ್ಕಿಗೆ ಸಮ.

ಆದರೆ ಕಾದ ಟೈಟೇನಿಯಂ ಗಾಳಿಯ ಆಮ್ಲಜನಕ, ಸಾರಜನಕಗಳನ್ನು ಹೀರಿ ಪೆಡಸಾಗುತ್ತದೆ. ಅದಕ್ಕೇ ಬೆಸುಗೆಯ ಮೇಲೂ ಒಳಮೈಗೂ, ಅದು ಆರುವವರೆಗೆ, ಆರ್ಗಾನ್ ಹರಿಸುತ್ತಿರಬೇಕು. ಇಲ್ಲವೇ ನಿರ್ವಾತ ಕೋಣೆಯೊಳಗೆ ಎಲೆಕ್ಟ್ರಾನ್ ಕಿರಣದಿಂದ ಬೆಸೆಯಬೇಕು. ಅಂಚನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬಣ್ಣವೇ ಮೊದಲ ಪರೀಕ್ಷೆ: ಬೆಳ್ಳಿಯಂತೆ ಹೊಳೆದರೆ ಉತ್ತಮ, ಒಣಹುಲ್ಲಿನ ತೆಳು ಬಣ್ಣವಾದರೆ ನಡೆದೀತು, ನೀಲಿಗೆ ತಿರುಗಿದರೆ ಅನುಮಾನ, ಬೂದು ಪುಡಿ ಕಟ್ಟಿದರೆ ಕತ್ತರಿಸಿ ತೆಗೆಯುವುದೇ ಸರಿ. ಬೆಳ್ಳಿ ಬಣ್ಣ ಬಂದರೂ ಎಕ್ಸ್‌ರೇ ತಪ್ಪದು. ಇಷ್ಟು ಜೋಪಾನ ಮಾಡಿದರೆ ಬೆಸುಗೆ ಹೆಚ್ಚುಕಡಿಮೆ ಮೂಲ ಲೋಹದಷ್ಟೇ ಬಲ ಹೊರುತ್ತದೆ. ಬಾಗುವ ಗುಣ ಮಾತ್ರ ತಗ್ಗುತ್ತದೆ. ಹಾಗಾಗಿ ಆ ಅಂಚನ್ನು ದಪ್ಪ ಇಟ್ಟಿರುತ್ತಾರೆ, ಆಮೇಲೆ ಕುಲುಮೆಯಲ್ಲಿ ಕಾಯಿಸಿ ಒಳಗಿನ ಬಿಗಿತ ಕಳೆಯುತ್ತಾರೆ.

ಹಗುರವೂ ಗಟ್ಟಿಯೂ ಆದ ಈ ಲೋಹ ರಾಕೆಟ್, ಗಗನನೌಕೆಗಳ ಟ್ಯಾಂಕಿಗೆ ಹೇಳಿಮಾಡಿಸಿದಂತಿತ್ತು. ಆದರೆ ಬೆಸುಗೆ ಗೆದ್ದ ಮೇಲೂ ಅಲ್ಲಿ ಒಂದು ಪೆಟ್ಟು ಕಾದಿತ್ತು. 1965ರಲ್ಲಿ ಅಮೆರಿಕದ ಅಪೋಲೋ ಚಂದ್ರನೌಕೆಗೆಂದು ಮಾಡಿದ ಟೈಟೇನಿಯಂ ಟ್ಯಾಂಕುಗಳು, ಇಂಧನವನ್ನು ಉರಿಸುವ ನೈಟ್ರೋಜನ್ ಟೆಟ್ರಾಕ್ಸೈಡ್ ದ್ರವ ತುಂಬಿಟ್ಟ ಪರೀಕ್ಷೆಯಲ್ಲಿ ಬಿರಿದವು. ದ್ರವವನ್ನು ಅತಿಯಾಗಿ ಶುದ್ಧ ಮಾಡಿ, ಅದರಲ್ಲಿದ್ದ ಚೂರುಪಾರು ನೈಟ್ರಿಕ್ ಆಕ್ಸೈಡನ್ನೂ ತೆಗೆದದ್ದೇ ಕಾರಣ! ಅದನ್ನು ಮತ್ತೆ ಬೆರೆಸಿದ ಮೇಲೆ ಕಾಟ ನಿಂತಿತು. ನಮ್ಮ ಪಿಎಸ್‌ಎಲ್‌ವಿಯ ನಾಲ್ಕನೇ ಹಂತದ ಟೈಟೇನಿಯಂ ಟ್ಯಾಂಕಿಗೆ ತುಂಬುವ ದ್ರವದಲ್ಲಿ ಶೇ 3ರಷ್ಟು ನೈಟ್ರಿಕ್ ಆಕ್ಸೈಡ್ ಇರುವುದರ ಹಿಂದೆ ಆ ಪಾಠವಿದೆ.

ಲೋಹವೂ ಈಗ ನಮ್ಮದೇ. ಕೇರಳದ ಚವರದಲ್ಲಿ ವರ್ಷಕ್ಕೆ 500 ಟನ್ ಸಾಮರ್ಥ್ಯದ ಟೈಟೇನಿಯಂ ಸ್ಪಾಂಜ್ (ಅದಿರಿನಿಂದ ಬಿಡಿಸಿದ ಕಚ್ಚಾ ಲೋಹ) ಘಟಕ 2011ರಲ್ಲಿ ಶುರುವಾಯಿತು. ಮುಚ್ಚಿಹೋದ ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯ ಜಾಗವನ್ನು ಇಸ್ರೋ ಪಡೆದುಕೊಂಡದ್ದು ಟೈಟೇನಿಯಂ ಟ್ಯಾಂಕು ತಯಾರಿಸುವ ಘಟಕಕ್ಕಾಗಿ.

ನಮ್ಮ ಭಾಗದ ಐಟಿಐಗಳಲ್ಲಿ ವೆಲ್ಡರ್ ಟ್ರೇಡ್ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಆರ್ಗಾನ್ ವೆಲ್ಡಿಂಗನ್ನು ಪುಸ್ತಕದಲ್ಲಷ್ಟೇ ಓದಿಸದೆ ಕೈಗೆ ಹತ್ತುವವರೆಗೆ ಮಾಡಿಸಿ. ಇಂಥ ಕಡೆ ಕೆಲಸ ಕೇಳಲು ಮೊದಲು ಬೇಕಾದದ್ದು ಅದೇ.