ಎಂಜಿನ್ ಎಲ್ಲಿ ಕುಂತೈತಿ, ಹೇಳ್ರಿ ನೋಡೋಣ!

ಉಪ್ಪಿನಬೆಟಗೇರಿಯಿಂದ ಧಾರವಾಡಕ್ಕೆ ಬಸ್ ಹತ್ತುವವರಿಗೆ ಒಂದು ಸಂಗತಿ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಡ್ರೈವರ್ ಬಾಜೂಕಿನ ಸೀಟಿಗೆ ಯಾರೂ ಟವೆಲ್ ಒಗೆಯುವುದಿಲ್ಲ. ಕಾಲು ಸುಡುತ್ತದೆ!

“ಅಜ್ಜಾ, ಇಲ್ಲಿ ಯಾಕ ಇಷ್ಟು ಕಾವು?” ಎಂದು ಮೊಮ್ಮಗ ಕೇಳಿದರೆ, “ಎಂಜಿನ್ ಬಾಜೂಕ ಕುಂತರ ಮತ್ತೇನ ತಂಪ ಇರತೈತೇನೋ ತಮ್ಮಾ?” ಎಂಬ ಉತ್ತರ ಸಿದ್ಧ. ಮಾತು ಅಲ್ಲಿಗೆ ಮುಗಿಯಬೇಕಿಲ್ಲ, ಅಲ್ಲಿಂದಲೇ ಶುರುವಾಗಬಹುದು. ಪೆನ್ಶನ್ ಬಂದ ಮೇಲೆ ಹೊತ್ತು ಹೋಗದೆ ಕಟ್ಟೆ ಹಿಡಿದ ಹಿರಿಯರಿಗೆ ಇದು ಕಾಸಿಲ್ಲದ ಹವ್ಯಾಸ.

ವಿಲಾಯತಿಯಲ್ಲಿ ನಿವೃತ್ತರಾದ ಎಷ್ಟೋ ಮಂದಿ ಹಳೆಯ ಸ್ಪೋರ್ಟ್ಸ್ ಕಾರು ಕೊಂಡು, ತೊಳೆದು, ಒರೆಸಿ, ಕೂಡಿದಲ್ಲೆಲ್ಲ ವಾದಕ್ಕೆ ಇಳಿಯುತ್ತಾರೆ. ವಾದ ಬಣ್ಣದ್ದಲ್ಲ, ರೇಟಿನದೂ ಅಲ್ಲ. ಎಂಜಿನ್ ಮುಂದಿರಬೇಕೋ, ನಡುವಿರಬೇಕೋ, ಹಿಂದಿರಬೇಕೋ ಎಂಬುದು!

ಚಕ್ಕಡಿ ಹೇಳುವ ಪಾಠ

ಚಕ್ಕಡಿ ಹೇರಿದವರಿಗೆ ಈ ವಾದ ಹೊಸದಲ್ಲ. ಹಿಂಭಾರವಾದರೆ ನೊಗ ಮೇಲೇಳುತ್ತದೆ. ಮುಂಭಾರವಾದರೆ ಎತ್ತಿನ ಹೆಗಲು ನೋಯುತ್ತದೆ. ಅಚ್ಚಿನ ಮೇಲೆ ಸಮ ಬಿದ್ದರೆ ಗಾಡಿ ಹಗುರ. ಮೋಟಾರಿನ ಕತೆಯೂ ಹೆಚ್ಚುಕಡಿಮೆ ಅದೇ.

1961ರ ಜಾಗ್ವಾರ್ ಇ-ಟೈಪ್ ನೋಡಿ. ಎಂಜಿನ್ ಮುಂದೆ, ತಳ್ಳುವ ಗಾಲಿ ಹಿಂದೆ, ನಡುವೆ ಉದ್ದನೆಯ ಶಾಫ್ಟ್. ಅಂಬಾಸಿಡರ್, ಪದ್ಮಿನಿ ಕಾರುಗಳೂ ಇದೇ ಮನೆತನ. ಕಾಲು ಸುಡುವ ಆ ಬಸ್ಸೂ ಅಷ್ಟೇ.

1963ರಲ್ಲಿ ಮೊದಲ ಬಾರಿ ಪ್ರದರ್ಶನಕ್ಕೆ ಬಂದ ಪೋರ್ಷೆ 911 ಬೇರೆ ದಾರಿ ಹಿಡಿಯಿತು. ಅದರ ಎಂಜಿನ್ ಹಿಂದಿನ ಅಚ್ಚಿಗಿಂತಲೂ ಹಿಂದೆ. ಭಾರವೆಲ್ಲ ತಳ್ಳುವ ಗಾಲಿಯ ಮೇಲೆ ಬೀಳುವುದರಿಂದ ಹೊರಡುವಾಗ ಹಿಡಿತ ಗಟ್ಟಿ. ಆದರೆ ತಿರುವಿನ ನಡುವೆ ಗಾಬರಿಬಿದ್ದು ಎಕ್ಸಲರೇಟರ್ ಬಿಟ್ಟರೋ, ಹಳೆಯ 911ರ ಬಾಲ ಹೊರಕ್ಕೆ ಬೀಸುತ್ತದೆ! ಅದರ ಊರ ನೆಂಟ ಯಾರು? ಹುಬ್ಬಳ್ಳಿಯ ಆಟೋರಿಕ್ಷಾ. 2018ರಲ್ಲಿ ಬಂದ ಚಿಗರಿ ಬಸ್ಸಿನ ಎಂಜಿನ್ನೂ ಹಿಂದೆಯೇ. ಅದಕ್ಕೇ ಮುಂದೆ ಕೂತವರಿಗೆ ಕಾವಿಲ್ಲ.

ಮೂರನೆಯದು ನಡುವಿನ ಎಂಜಿನ್. 1966ರ ಲ್ಯಾಂಬೋರ್ಗಿನಿ ಮಿಯುರಾದಲ್ಲಿ 12 ಸಿಲಿಂಡರಿನ ಎಂಜಿನ್ ಸೀಟಿನ ಬೆನ್ನಿಗೇ ಅಡ್ಡಡ್ಡ ಕೂತಿದೆ. ಅದಕ್ಕೂ ಮೊದಲೇ, 1959 ಮತ್ತು 1960ರಲ್ಲಿ, ಜ್ಯಾಕ್ ಬ್ರಾಭಮ್ ಇಂಥ ಎಂಜಿನ್ನಿನ ಕೂಪರ್ ಕಾರಿನಲ್ಲಿ ಜಗತ್ತಿನ ರೇಸ್ ಚಾಂಪಿಯನ್ ಆದರು. ಕೆಲವೇ ವರ್ಷಗಳಲ್ಲಿ ಫಾರ್ಮುಲಾ ಒನ್ನಿನಿಂದ ಮುಂದಿನ ಎಂಜಿನ್ ಕಾಲ್ತೆಗೆಯಿತು. ಲಾಭವಿದ್ದಲ್ಲಿ ನಷ್ಟವೂ ಇದೆ. ಕಿವಿಯ ಹತ್ತಿರವೇ ಗದ್ದಲ, ಸಾಮಾನಿಗೆ ಜಾಗವಿಲ್ಲ, ರಿಪೇರಿಗೆ ಕೈ ಹೋಗುವುದಿಲ್ಲ. ಸೀಟು ಎತ್ತಿ ಮಾರುತಿ ವ್ಯಾನ್ ರಿಪೇರಿ ಮಾಡಿದ ಮಿಸ್ತ್ರಿಗಳನ್ನು ಕೇಳಿ, ಅದರ ಕಷ್ಟ ಹೇಳುತ್ತಾರೆ.

ಗುಜರಿಗೆ ಹಾಕುವ ಮುಂಚೆ

ಇಷ್ಟೆಲ್ಲ ಬರೀ ಕಟ್ಟೆ ಮಾತೇ? ಅಲ್ಲ. ಹಿತ್ತಲಲ್ಲಿ ತಾಡಪತ್ರಿ ಹೊದ್ದು ನಿಂತ ಹಳೆಯ ಫಿಯಟ್ ಇದ್ದ ಮನೆಗೆ ಇದು ರೊಕ್ಕದ ಪ್ರಶ್ನೆ. “ಅಪ್ಪಾ, ಸುಮ್ನ ಜಾಗಾ ತಿಂತೈತಿ, ಕೊಟ್ಟಬಿಡ್ರಿ” ಎನ್ನುವ ಮಕ್ಕಳ ಮಾತಿಗೆ ತಲೆಯಾಡಿಸುವ ಮೊದಲು ಆರ್.ಸಿ. ಬುಕ್ ತೆಗೆದು ಇಸವಿ ನೋಡುವುದು ಒಳ್ಳೆಯದು.

2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ಬೈಕು, ಕಾರುಗಳು ‘ವಿಂಟೇಜ್’ ಎನಿಸಿಕೊಳ್ಳುತ್ತವೆ. ಹೊಸದಾಗಿ ಈ ನೋಂದಣಿಗೆ 20,000 ರೂಪಾಯಿ. ಅವಧಿ 10 ವರ್ಷ. ಆಮೇಲೆ ನವೀಕರಣಕ್ಕೆ 5,000. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು ಓಡಿಸಬಹುದು. ದಿನಾ ಪೇಟೆಗೆ ಒಯ್ಯುವಂತಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ.

50 ತುಂಬದ ಕಾರಿಗೆ ಮಾತ್ರ ನಡುವಿನ ಪೇಚು. ಹೊಸದೂ ಅಲ್ಲ, ವಿಂಟೇಜೂ ಅಲ್ಲ. 15 ವರ್ಷದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಜಿಗಿಯಿತು. 20 ದಾಟಿದ್ದಕ್ಕೆ 2025ರಲ್ಲಿ 10,000 ಆಯಿತು. ಪೆನ್ಶನ್ ರೊಕ್ಕದಲ್ಲಿ ಇದು ಸಣ್ಣ ಮೊತ್ತವಲ್ಲ. ಆದರೂ 1970ರ ದಶಕದ ಗಾಡಿಗೆ 50 ತುಂಬಲು ಬೆರಳೆಣಿಕೆಯ ವರ್ಷ ಉಳಿದಿದ್ದರೆ, ತೂಕದ ಲೆಕ್ಕದಲ್ಲಿ ಮಾರುವ ಮುಂಚೆ ನಾಲ್ಕು ಬಾರಿ ವಿಚಾರ ಮಾಡಬೇಕು. ಒಮ್ಮೆ ಕತ್ತರಿಸಿದ ಮೇಲೆ ಯಾವ ಮಿಸ್ತ್ರಿಯೂ ಕೂಡಿಸಿ ಕೊಡಲಾರ.

ಕಾರಿಲ್ಲದವರೂ ಬೇಜಾರು ಮಾಡಿಕೊಳ್ಳಬೇಕಿಲ್ಲ. ಧರ್ಮಸ್ಥಳಕ್ಕೆ ಹೋದಾಗ ಮಂಜುನಾಥನ ದರ್ಶನ ಮುಗಿಸಿ ಅಲ್ಲಿಯ ಹಳೆಯ ಕಾರುಗಳ ಸಂಗ್ರಹವನ್ನೂ ನೋಡಿ ಬರಬಹುದು. ಬರೀ ಫಳಫಳ ಬಣ್ಣ ನೋಡಿ ತಿರುಗಬೇಡಿ. ಎಂಜಿನ್ ಎಲ್ಲಿ, ತಳ್ಳುವ ಗಾಲಿ ಯಾವುದು ಎಂದು ಮೊಮ್ಮಕ್ಕಳನ್ನು ಕೇಳಿ.

ಅಷ್ಟು ದೂರವೂ ಬೇಡವೆಂದರೆ ನಾಳೆ ಬೆಳಿಗ್ಗೆಯ ಧಾರವಾಡ ಬಸ್ ಇದ್ದೇ ಇದೆ. ಡ್ರೈವರ್ ಬಾಜೂಕಿನ ಸೀಟು ಹೆಂಗೂ ಖಾಲಿ!