ನಿಮಗಿದು ಗೊತ್ತೇ? ಒಳಚರಂಡಿ ಪೈಪು ಸವೆಯುವುದು ನೆತ್ತಿಯಿಂದ!

● ಪಂಪಿಲ್ಲದೆ ನೆಲದಡಿ ನೀರು ಹರಿಸುವುದು ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಸೀಮೆಗೆ ಹೊಸದಲ್ಲ. ಬೀದರಿನ ನೌಬಾದ್‌ನಲ್ಲಿ ಬಹಮನಿಗಳ ಕಾಲದ ಕರೇಜ್ ಇದೆ. ಅದು 15ನೇ ಶತಮಾನದಲ್ಲಿ ಮುರಕಲ್ಲು ಕೊರೆದು ಮಾಡಿದ ಕುಡಿಯುವ ನೀರಿನ ಸುರಂಗ. ಅದರ ಗಾಳಿಬಾವಿಗಳೇ ಹೂಳೆತ್ತುವ ದಾರಿ. ಇಂದಿನ ಒಳಚರಂಡಿಯ (ಯುಜಿಡಿ) ಮ್ಯಾನ್‌ಹೋಲ್‌ಗೂ ಇರುವುದು ಅದೇ ಕೆಲಸ.

● ಒಳಚರಂಡಿಯಲ್ಲೂ ಇಳಿಜಾರೇ ಎಂಜಿನ್. ದಿನದ ಹೆಚ್ಚಿನ ಹರಿವಿನ ಹೊತ್ತಿಗಾದರೂ ಕೊಳಚೆ ಸೆಕೆಂಡಿಗೆ 0.6 ಮೀಟರ್ ವೇಗದಲ್ಲಿ ಓಡಬೇಕು. ನಿಧಾನವಾದರೆ ಹೂಳು ಕೂರುತ್ತದೆ.

● ಕೂತ ಹೂಳು ಸುಮ್ಮನಿರುವುದಿಲ್ಲ. ಗಾಳಿಯಿಲ್ಲದ ಕೆಸರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಈ ಅನಿಲ ಮೇಲೆದ್ದು ಪೈಪಿನ ಒದ್ದೆ ನೆತ್ತಿಗೆ ಅಂಟುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಗಂಧಕಾಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲ ಕಾಂಕ್ರೀಟನ್ನು ತಿಂದು ಒಳಗಿನ ಕಬ್ಬಿಣದ ಸರಳನ್ನು ಬಯಲು ಮಾಡುತ್ತದೆ. ಹೀಗಾಗಿ ಕೊಳಚೆ ಮುಟ್ಟುವ ತಳ ಗಟ್ಟಿಯಾಗಿದ್ದರೂ, ಅದು ಮುಟ್ಟದ ನೆತ್ತಿ ಮೆತ್ತಗಾಗಿರಬಹುದು! ಇದು ಬ್ಯಾಕ್ಟೀರಿಯಾದ ಕೆಲಸವೆಂದು 1945ರಲ್ಲಿ ತೋರಿಸಿಕೊಟ್ಟವರು ಆಸ್ಟ್ರೇಲಿಯಾದ ಸಿ.ಡಿ. ಪಾರ್ಕರ್. ನಮ್ಮ ರಸ್ತೆಬದಿಗಳಲ್ಲಿ ಕಾಣುವ ಕಾಂಕ್ರೀಟಿನ ಹ್ಯೂಮ್ ಪೈಪನ್ನು 1910ರಲ್ಲಿ ರೂಪಿಸಿದ ವಾಲ್ಟರ್ ಹ್ಯೂಮ್ ಕೂಡ ಅದೇ ದೇಶದವರು.

● ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರೊಡನೆ ಪೈಪಿನ ಜಾಯಿಂಟೂ ಅಲುಗಾಡುತ್ತದೆ. ಸಂದು ಬಿಟ್ಟರೆ ಸುತ್ತಲಿನ ಮಣ್ಣು ನೀರಿನೊಡನೆ ಒಳಕ್ಕೆ ಜಾರಿ, ರಸ್ತೆಯ ಕೆಳಗೆ ಪೊಳ್ಳು ಬೆಳೆಯುತ್ತದೆ. 2016ರ ಡಿಸೆಂಬರ್ 24ರಂದು ಅಮೆರಿಕದ ಮಿಷಿಗನ್ ರಾಜ್ಯದ ಫ್ರೇಸರ್‌ನಲ್ಲಿ 11 ಅಡಿ ವ್ಯಾಸದ ಒಳಚರಂಡಿ ಕುಸಿದು, ರಸ್ತೆ ಬಾಯ್ಬಿಟ್ಟು, ಜನ ಮನೆ ಬಿಟ್ಟು ಹೊರಡಬೇಕಾಯಿತು.

● ದೊಡ್ಡ ಪೈಪಿನ ದುರಸ್ತಿಯಲ್ಲಿ ನಿಜವಾದ ಕಷ್ಟ ಒಡಕು ಮುಚ್ಚುವುದಲ್ಲ, ಹರಿವನ್ನು ತಿರುಗಿಸುವುದು. ಊರಿನ ಕೊಳಚೆಗೆ ರಜೆಯಿಲ್ಲ! ಮೇಲಿನ ಮ್ಯಾನ್‌ಹೋಲಿಗೆ ಬಿರಡೆ ಹಾಕಿ, ಪಂಪಿನಿಂದ ಎತ್ತಿ, ಕೆಟ್ಟ ಭಾಗವನ್ನು ದಾಟಿಸಿ, ಕೆಳಗಿನ ಮ್ಯಾನ್‌ಹೋಲಿಗೆ ಬಿಡಬೇಕು. ಹರಿವು ತಗ್ಗುವ ನಡುರಾತ್ರಿಯ ನಂತರದ ಹೊತ್ತು ಇದಕ್ಕೆ ಅನುಕೂಲ.

● ರಸ್ತೆ ಅಗೆಯದೆಯೂ ಪೈಪ್ ಸರಿಮಾಡಬಹುದು. ಮೊದಲು ಚಕ್ರದ ಮೇಲೆ ಓಡುವ ಕ್ಯಾಮೆರಾ ಕಳಿಸಿ ಒಳಗನ್ನು ನೋಡುತ್ತಾರೆ. ಆಮೇಲೆ ರಾಳದಲ್ಲಿ ನೆನೆಸಿದ ಬಟ್ಟೆಯ ಕೊಳವೆಯನ್ನು, ಕಾಲುಚೀಲ ಮಗುಚುವಂತೆ, ನೀರಿನ ಒತ್ತಡದಿಂದ ಒಳಹೊರಗು ಮಾಡುತ್ತಾ ತೂರಿಸುತ್ತಾರೆ. ಬಿಸಿನೀರು ಅಥವಾ ಹಬೆ ಹಾಯಿಸಿದರೆ ಅದು ಗಟ್ಟಿಯಾಗಿ, ಹಳೆಯ ಪೈಪಿನೊಳಗೇ ಹೊಸ ಪೈಪು! ವ್ಯಾಸ ತುಸು ಕುಗ್ಗಿದರೂ ಒಳಮೈ ನುಣುಪಾಗುವುದರಿಂದ ಹರಿವು ಅಷ್ಟಾಗಿ ಕಡಿಮೆಯಾಗುವುದಿಲ್ಲ. 1971ರಲ್ಲಿ ಎರಿಕ್ ವುಡ್ ಎಂಬ ಎಂಜಿನಿಯರ್ ಇದನ್ನು ಮೊದಲು ಮಾಡಿ ತೋರಿಸಿದ್ದು ಲಂಡನ್ನಿನಲ್ಲಿ.

● ಕಾಂಕ್ರೀಟನ್ನು ಸವೆಸುವ ಅದೇ ಹೈಡ್ರೋಜನ್ ಸಲ್ಫೈಡ್ ಅನಿಲ ಮನುಷ್ಯರನ್ನೂ ಕೊಲ್ಲುತ್ತದೆ. ಕೊಳೆತ ಮೊಟ್ಟೆಯ ನಾತ ಅದರ ಗುರುತು. ಆದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ಸುಮಾರು 100 ಪಾಲು ಮುಟ್ಟಿದರೆ ಮೂಗು ಸೋತು, ವಾಸನೆಯೇ ತಿಳಿಯದಾಗುತ್ತದೆ. ಇನ್ನೂ ಹೆಚ್ಚಿದರೆ ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪುತ್ತದೆ. ನಾತವಿಲ್ಲ ಎಂಬ ಮಾತು ನಂಬಿ ಯಾರನ್ನೂ ಇಳಿಸಬಾರದು. ಬಿದ್ದವರನ್ನು ಎತ್ತಲು ಹಿಂದೆಯೇ ಇಳಿದವರೂ ಎಷ್ಟೋ ಬಾರಿ ಮರಳುವುದಿಲ್ಲ.

● ಸುರಕ್ಷಾ ಸಾಧನವಿಲ್ಲದೆ ಒಳಚರಂಡಿ ಸ್ವಚ್ಛ ಮಾಡಲು ಜನರನ್ನು ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷವಿದ್ದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ಕಾಯಕಜೀವಿಗಳನ್ನು ಅನುಭವ ಮಂಟಪದಲ್ಲಿ ಸರಿಸಮ ಕೂರಿಸಿದ ಬಸವಕಲ್ಯಾಣದಲ್ಲಂತೂ ಹಗ್ಗ ಕಟ್ಟಿ ಆಳನ್ನು ಇಳಿಸುವುದು ನಡೆಯಕೂಡದು.

● ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಸ್ವಚ್ಛತೆಯ ದೂರಿಗೆಂದು 2020ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸಹಾಯವಾಣಿ: 14420.